ಎರಡನೇ ಜ್ವರದ ದಿನ ಹತ್ತಿದ ಬಸ್ಸು

ರೇಷ್ಮೆ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ನನ್ನನ್ನು ಹುಡುಕಿಕೊಂಡು ಮಂಡ್ಯದ ಮನೆಗೆ ಬರುತ್ತಾರೆ. ರೋಗದ ವಿಷಯ ಕೇಳುತ್ತಾರೆ, ತಳಿಯ ವಿಷಯ ಕೇಳುತ್ತಾರೆ. ಕಾಫಿ ಕುಡಿದು, ಚಪ್ಪಲಿ ಮೆಟ್ಟುವಾಗ ಮಾತ್ರ ನಿಜವಾದ ಪ್ರಶ್ನೆ ಬಾಯಿಗೆ ಬರುತ್ತದೆ. "ಸರ್, ಮೇಲಿನವರ ಕಾಟ ತಡೆಯೋಕಾಗ್ತಿಲ್ಲ. ನಾಳೆಯಿಂದ ಸುಮ್ಮನೆ ಹೋಗದೇ ಇದ್ದುಬಿಟ್ಟರೆ ಏನಾಗುತ್ತೆ?" ಬಾಗಿಲಲ್ಲಿ ನಿಂತು ಕೊಡುವ ಉತ್ತರವಲ್ಲ ಅದು. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿ, ವರ್ಗ, ಹಾರತುರಾಯಿ ಯಾವುದೂ ಇದರಲ್ಲಿ ಇಲ್ಲ. ಕೆಲಸ ಬಿಟ್ಟು ಓಡಿಹೋಗಲು ಹೊರಟ ಒಂದು ಮಧ್ಯಾಹ್ನ ಇದೆ.

ಎಪ್ಪತ್ತರ ದಶಕದ ನಡುಭಾಗ. ನನಗೆ ಇಪ್ಪತ್ತೆರಡು. ಮದ್ದೂರಿನಲ್ಲಿ ನಮ್ಮ ತಂದೆ ಒಂದು ಸಣ್ಣ ದೇವಸ್ಥಾನದ ಅರ್ಚಕರು. ಮಗ ಮೇಷ್ಟ್ರಾಗುತ್ತಾನೆ ಎಂದುಕೊಂಡಿದ್ದರು. ಮಗ ಹುಳು ಸಾಕಲು ಹೊರಟ. ಮಳವಳ್ಳಿ ತಾಲ್ಲೂಕಿನಲ್ಲಿ, ಬೆಳಕವಾಡಿಯಿಂದ ಎರಡು ಮೈಲಿ ಒಳಗೆ ಒಂದು ಹಳ್ಳಿ. ಅಲ್ಲಿ ಚಾಕಿ ಕೇಂದ್ರವೆಂದು ಒಂದು ಹೆಂಚಿನ ಮನೆ. ಅದರ ಪಕ್ಕದ ಕೋಣೆಯಲ್ಲೇ ನನ್ನ ವಾಸ, ಹಿಂದೆ ನಾಲೆ. ಚಾಕಿ ಎಂದರೆ ರೇಷ್ಮೆ ಹುಳುವಿನ ಎಳೆಗೂಸಿನ ಕಾಲ. ಮೊಟ್ಟೆ ಒಡೆದು ಇರುವೆಯಷ್ಟು ಸಣ್ಣಗೆ ಹೊರಬರುವ ಹುಳುಗಳನ್ನು ಎಂಟು ದಿನ ನಾವು ಸಾಕಿ, ಸ್ವಲ್ಪ ಗಟ್ಟಿಯಾದ ಮೇಲೆ ರೈತರ ಕೈಗೆ ಕೊಡಬೇಕು. ಆಮೇಲೆ ಅವರ ಪಾಡು. ನನ್ನದು ತಾತ್ಕಾಲಿಕ ನೇಮಕ. ಬಿಡುವುದಾದರೆ ಒಂದು ತಿಂಗಳು ಮುಂಚೆ ಬರೆದುಕೊಡಬೇಕು ಎಂಬುದೊಂದು ಸಾಲು ನೇಮಕದ ಕಾಗದದ ಕೊನೆಯಲ್ಲಿತ್ತು. ಆಗ ಅದನ್ನು ಓದಿದ ನೆನಪೂ ನನಗಿಲ್ಲ.

ಕೇಂದ್ರದಲ್ಲಿ ನಾನೊಬ್ಬ, ನಿಂಗಮ್ಮ ಒಬ್ಬಳು. ಅವಳು ದಿನಗೂಲಿಯವಳು, ಅದೇ ಊರಿನವಳು, ನಮ್ಮಮ್ಮನಿಗಿಂತ ಎರಡು ವರ್ಷ ದೊಡ್ಡವಳೇ ಇರಬೇಕು. ನಾನು ಅವಳನ್ನು ಏಕವಚನದಲ್ಲಿ ಕರೆಯುತ್ತಿದ್ದೆ, ಅವಳು ನನ್ನನ್ನು ಅಯ್ನೋರೇ ಎನ್ನುತ್ತಿದ್ದಳು. ಅಂದಿನ ರೀತಿ ಅದು. ಇಂದು ಬರೆಯುವಾಗ ಕೈ ನಾಚುತ್ತದೆ. ಆದರೆ ಬಹುವಚನ ಹಾಕಿದರೆ ಅವಳು ಯಾರೋ ಬೇರೆಯವಳಾಗಿಬಿಡುತ್ತಾಳೆ, ಹಾಗಾಗಿ ಇದ್ದಂತೆಯೇ ಬರೆಯುತ್ತೇನೆ. ತರಬೇತಿಯಲ್ಲಿ ನಾನು ಕಲಿತುಬಂದದ್ದೆಲ್ಲ ಒಂದು ನೋಟು ಪುಸ್ತಕದಲ್ಲಿತ್ತು. ಕೋಣೆಯ ಬಿಸಿ ಎಷ್ಟಿರಬೇಕು, ತೇವ ಎಷ್ಟಿರಬೇಕು ಎಂದು ನಾನು ಪುಟ ತಿರುಗಿಸುವಷ್ಟರಲ್ಲಿ ಅವಳು ಬಾಗಿಲಲ್ಲಿ ನಿಂತು ಮೂಗು ಅರಳಿಸಿ, "ಬಿಸಿ ಸಾಲ್ದು, ಕೆಂಡ ಮಡಗ್ತೀನಿ" ಎಂದು ಹೋಗಿರುತ್ತಿದ್ದಳು. ನನ್ನ ಉಷ್ಣಮಾಪಕವೂ ಅವಳ ಮಾತನ್ನೇ ಅನುಮೋದಿಸುತ್ತಿತ್ತು.

ಮೂಗಿನ ಮಾತು ಬಂತು, ನನ್ನ ದೊಡ್ಡ ಪ್ರಮಾದವನ್ನು ಹೇಳಿಬಿಡುತ್ತೇನೆ. ಹುಳುವಿನ ಕೋಣೆಗೆ ಹೊಗೆಸೊಪ್ಪು ಜಗಿದು ಬರುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಮಲ್ಲಿಗೆ ಮುಡಿಯುವಂತಿಲ್ಲ. ಇವೆಲ್ಲ ನನಗೆ ಬಾಯಿಪಾಠ. ಸೇರಿದ ಎರಡನೇ ತಿಂಗಳು ಹಬ್ಬಕ್ಕೆ ಊರಿಗೆ ಹೋಗಿದ್ದೆ. ಬರುವಾಗ ನಮ್ಮಮ್ಮ ಪೆಟ್ಟಿಗೆಯ ತಳದಿಂದ ತಂದೆಯವರ ಒಂದು ಒಳ್ಳೆಯ ಪಂಚೆ, ಒಂದು ಶಲ್ಯ ತೆಗೆದುಕೊಟ್ಟರು. ಪೆಟ್ಟಿಗೆಗೆ ಜಿರಲೆ ಬರದಿರಲೆಂದು ಹಾಕುವ ಬಿಳಿ ನುಸಿಗುಳಿಗೆ ಗೊತ್ತಲ್ಲ, ಅದರ ವಾಸನೆ ಆ ಬಟ್ಟೆಯ ಎಳೆ ಎಳೆಗೂ ಹತ್ತಿತ್ತು. ನನಗೆ ಅದು ಮನೆಯ ವಾಸನೆ. ವಾಸನೆ ಎಂದು ಕೂಡ ಅನ್ನಿಸಲಿಲ್ಲ. ಆ ಪಂಚೆ ಉಟ್ಟು, ಶಲ್ಯ ಹೊದ್ದು, ಬೆಳಗಿನ ಸೊಪ್ಪು ಹಾಕಲು ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಒಂದೊಂದೇ ತಟ್ಟೆಯ ಮೇಲೆ ಪ್ರೀತಿಯಿಂದ ಬಗ್ಗಿ ನಿಂತೆ. ಹುಳುಗಳು ತಲೆ ಕೊಡವಿದವು, ಮುರುಟಿಕೊಂಡವು, ಹಸಿರು ನೀರು ಕಕ್ಕಿದವು. ಸೊಪ್ಪು ಕೊಯ್ದು ತಂದ ನಿಂಗಮ್ಮ ಬಾಗಿಲು ತೆಗೆದವಳೇ ಬುಟ್ಟಿಯನ್ನು ಬಿಟ್ಟು, ನನ್ನ ಶಲ್ಯ ಹಿಡಿದು ಅಂಗಳಕ್ಕೆ ಎಳೆದಳು. "ಏನ್ ಬಳ್ಕೊಂಡು ಬಂದಿದ್ದೀರಿ ಅಯ್ನೋರೇ! ಮೊದ್ಲು ನಾಲೇಗೆ ಓಗಿ ಮುಳುಗಿ!"

ಆರು ತಟ್ಟೆ ಹುಳು ಸತ್ತವು. ಮಾರನೆಯ ದಿನ ಮಳವಳ್ಳಿಯಿಂದ ಇನ್‌ಸ್ಪೆಕ್ಟರು ಬಂದರು. ಅವರ ಹೆಸರು ಬರೆಯುವುದಿಲ್ಲ. ಕೆಲಸ ಬಲ್ಲವರು, ಆದರೆ ಬಾಯಿ ಸರಿಯಿಲ್ಲ. ರೈತರನ್ನೆಲ್ಲ ಅಂಗಳಕ್ಕೆ ಕರೆಸಿದರು. ನನ್ನ ಕೈಯಲ್ಲೇ ಗುಂಡಿ ತೋಡಿಸಿದರು. ಸತ್ತ ಹುಳುವನ್ನು ಸುಣ್ಣ ಹಾಕಿ ಹೂಳಬೇಕು, ಅದು ಕ್ರಮವೇ. ನಾನು ತಟ್ಟೆ ಬಗ್ಗಿಸುವಾಗ ಅವರು ಸೊಂಟದ ಮೇಲೆ ಕೈಯಿಟ್ಟು ಹೇಳಿದರು: "ಸುಮ್ಮನೆ ಸುರೀತೀಯಲ್ಲಯ್ಯ ಭಟ್ಟ. ಮಂತ್ರ ಹೇಳಿ ಹೂಳಯ್ಯ. ನಿಮ್ಮಪ್ಪ ತಿಥಿ ಮಾಡಿಸೋದು ಕಲಿಸಿಲ್ವಾ?"

ಒಂದಿಬ್ಬರು ನಕ್ಕರು. ತಪ್ಪು ನನ್ನದು, ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಆದರೆ ಅಪ್ಪ ಏನು ಮಾಡಿದ್ದರು? ತಮ್ಮ ಪಂಚೆಯನ್ನು ಮಗನಿಗೆ ಬಿಟ್ಟುಕೊಟ್ಟಿದ್ದರು, ಅಷ್ಟೇ. ಅವತ್ತಿನಿಂದ ಇನ್‌ಸ್ಪೆಕ್ಟರ ಮೋಟಾರ್ ಸೈಕಲ್ಲಿನ ಸದ್ದು ದೂರದ ಏರಿಯ ಮೇಲೆ ಕೇಳಿದರೂ ನಾನು ಎದ್ದು ತಟ್ಟೆಗಳನ್ನು ಮತ್ತೊಮ್ಮೆ ಎಣಿಸುತ್ತಿದ್ದೆ.

ಈಗಿನವರಿಗೆ ಆಗಿನ ಕೆಲಸದ ಅಂದಾಜು ಸಿಗಲಿಕ್ಕಿಲ್ಲ. ಈಗ ಪ್ಲಾಸ್ಟಿಕ್ ತಟ್ಟೆ, ಬಲೆ, ತೇವಕ್ಕೆ ಯಂತ್ರ. ಆಗ ಬಿದಿರಿನ ತಟ್ಟೆ, ಮೇಲೆ ಮೇಣದ ಕಾಗದ. ಮೊಟ್ಟೆ ಒಡೆದ ಹುಳುವನ್ನು ಕೋಳಿಯ ಗರಿಯಿಂದ ಹಾಳೆಯ ಮೇಲಿಂದ ಸೊಪ್ಪಿನ ಮೇಲಕ್ಕೆ ಇಳಿಸಬೇಕು. ಗರಿ ಕೊಂಚ ಒತ್ತಿದರೆ ಹುಳು ಹೋಯಿತು. ಬೆಳೆಗೆ ಮೊದಲು ಗೋಡೆ, ನೆಲಕ್ಕೆಲ್ಲ ಫಾರ್ಮಾಲಿನ್ ಹೊಡೆಯಬೇಕು; ಅದು ಕಣ್ಣು ಮೂಗಿಗೆಲ್ಲ ಉರಿ ಹತ್ತಿಸುತ್ತದೆ. ನಾನು ಆ ನೆಪದಲ್ಲಿ ಕೆಲವು ಸಲ ನಿಜವಾಗಿಯೇ ಅತ್ತಿದ್ದೇನೆ. ಹೇಳಿಕೊಳ್ಳಲು ನಾಚಿಕೆ ಇಲ್ಲ, ಒಳ್ಳೆಯ ನೆಪ ಅದು.

ಇನ್ನು ರಜೆ. ಹುಳುವಿಗೆ ದಿನಕ್ಕೆ ನಾಲ್ಕು ಊಟ, ಭಾನುವಾರವೆಂದು ಅದು ಉಪವಾಸ ಇರುವುದಿಲ್ಲ. ಬಿಡುವು ಸಿಗುವುದು ಒಂದೇ ಸಲ. ಹುಳು ಪೊರೆ ಬಿಡುವ ಮುಂಚೆ ಸುಮಾರು ಒಂದು ದಿನ ತಿನ್ನುವುದು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅದರ ಬಾಳಿನಲ್ಲಿ ನಾಲ್ಕು ಜ್ವರ. ಮೊದಲ ಎರಡು ನಮ್ಮ ಕೇಂದ್ರದಲ್ಲಿ, ಉಳಿದೆರಡು ರೈತರ ಮನೆಯಲ್ಲಿ. ಜ್ವರಕ್ಕೆ ಕೂತ ಹುಳುವಿನ ಮೇಲೆ ಸುಣ್ಣದ ಪುಡಿ ಉದುರಿಸಿ ಬಾಗಿಲು ಎಳೆದುಕೊಂಡರೆ ಅವತ್ತಿನ ಕೆಲಸ ಮುಗಿಯಿತು. ಎಲ್ಲ ಹುಳುವೂ ಎದ್ದ ಮೇಲೆ ಸೊಪ್ಪು ಕೊಡಬೇಕು. ಅವಸರಕ್ಕೆ ಕೊಟ್ಟರೆ ಮೊದಲು ಎದ್ದವು ತಿಂದು ಮುಂದಾಗುತ್ತವೆ, ಉಳಿದವು ಹಿಂದುಳಿಯುತ್ತವೆ, ಆ ಏರುಪೇರು ಗೂಡು ಕಟ್ಟುವವರೆಗೂ ಸರಿಹೋಗುವುದಿಲ್ಲ.

ಹೀಗೆ ಏಳು ತಿಂಗಳು ಕಳೆದವು. ತಂದೆಗೆ ಎದೆನೋವು ಬಂದಾಗ ಎರಡು ದಿನ ರಜೆ ಕೇಳಿದೆ. "ನೀನು ಹೋಗಿ ಉಸಿರು ಊದ್ತೀಯೇನಯ್ಯ?" ಎಂದರು ಇನ್‌ಸ್ಪೆಕ್ಟರು. ರಜೆ ಸಿಗಲಿಲ್ಲ; ತಂದೆ ಹೇಗೋ ಚೇತರಿಸಿಕೊಂಡರು. ನಾನು ಒಂದು ರಾಜೀನಾಮೆ ಬರೆದು ಮಳವಳ್ಳಿಯ ಕಚೇರಿಗೆ ಒಯ್ದೆ. ಅವರು ಓದಿ, ಮಡಿಸಿ, ನನ್ನ ಅಂಗಿಯ ಜೇಬಿಗೇ ತುರುಕಿ, "ಹುಳು ಮನೇಲಿರುವಾಗ ಯಾವನಾದರೂ ಇದನ್ನ ತರ್ತಾನಾ? ನಡಿ ನಡಿ" ಎಂದರು. ಹುಳು ಮನೆಯಲ್ಲಿ ಇಲ್ಲದ ದಿನ ಯಾವುದಿದೆ? ಒಂದು ತಂಡ ರೈತರ ಮನೆಗೆ ಹೋದರೆ ಇನ್ನೊಂದು ಮೊಟ್ಟೆ ಹಾಳೆ ಬಂದಿರುತ್ತಿತ್ತು. ಉಗುಳುವಂತಿಲ್ಲ, ನುಂಗುವಂತಿಲ್ಲ.

ಅಷ್ಟರಲ್ಲಿ ಮಂಡ್ಯದಿಂದ ನಮ್ಮ ಭಾವನ ಕಾಗದ ಬಂತು. ಅವರ ಪರಿಚಯದ ವಕೀಲರೊಬ್ಬರಿಗೆ ಗುಮಾಸ್ತ ಬೇಕಾಗಿದೆ. ಫ್ಯಾನಿನ ಕೆಳಗೆ ಕೂರುವ ಕೆಲಸ. ಸೋಮವಾರ ಬಂದು ಸೇರಬೇಕು, ತಡವಾದರೆ ಬೇರೆಯವರು ಕಾದಿದ್ದಾರೆ. ಅದನ್ನು ಓದುವಾಗ ಗುರುವಾರ. ಹುಳು ಎರಡನೇ ಜ್ವರಕ್ಕೆ ಕೂರುವುದು ಶನಿವಾರ.

ಲೆಕ್ಕ ತಾನಾಗಿ ಕೂತಿತು. ಶನಿವಾರ ಹುಳು ಜ್ವರಕ್ಕೆ ಕೂತ ಮೇಲೆ ಹೊರಡುವುದು. ಅವುಗಳಿಗೆ ಹಸಿವಿಲ್ಲ, ನನಗೆ ಪಾಪವಿಲ್ಲ. ಎದ್ದ ಮೇಲೆ ಹೇಗೂ ರೈತರು ಬಂದು ಹಂಚಿಕೊಂಡು ಹೋಗುತ್ತಾರೆ. ಎದ್ದವೋ ಇಲ್ಲವೋ ಎಂದು ನನಗಿಂತ ಚೆನ್ನಾಗಿ ನಿಂಗಮ್ಮನೇ ಹೇಳಬಲ್ಲಳು. ಯಾರಿಗೂ ನಷ್ಟವಿಲ್ಲ ಎಂದು ನನಗೆ ನಾನೇ ವಕೀಲನಾದೆ. ಯಾರಿಗೂ ಅನುಮಾನ ಬರಬಾರದೆಂದು ಪೆಟ್ಟಿಗೆ, ಚಾಪೆ, ನಾಲೆಯ ಸೋಪಾನದ ಹತ್ತಿರ ಒಣಹಾಕಿದ್ದ ಪಂಚೆ ಎಲ್ಲವನ್ನೂ ಇದ್ದಲ್ಲೇ ಬಿಟ್ಟೆ. ಗೋಡೆಯ ಮೇಲಿದ್ದ ಅಂಗೈಯಗಲದ ದೇವರ ಪಟವೊಂದನ್ನು ಮಾತ್ರ ಒಂದು ಅಂಗಿಯೊಳಗೆ ಸುತ್ತಿ ಬಟ್ಟೆಯ ಚೀಲಕ್ಕೆ ಹಾಕಿಕೊಂಡೆ.

ನಿಂಗಮ್ಮ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದಳು. "ಮೇಣದ ಕಾಗದ ಮುಗಿದಿದೆ, ಮಳವಳ್ಳಿಗೆ ಹೋಗಿ ಬರ್ತೀನಿ" ಎಂದೆ. ಅವಳು ನನ್ನ ಮುಖ ನೋಡಿದಳು, ಚೀಲ ನೋಡಿದಳು. "ಊಟ ಮಾಡಿದ್ರಾ?" ಎಂದಳು. ಆಯಿತು ಎಂದೆ. ಅದೂ ಸುಳ್ಳು.

ಕರೆಂಟಿನ ಮನೆಯಿರುವ ಬ್ಲಫಿನ ಕಡೆಯಿಂದ ಬಂದ ಬಸ್ಸನ್ನು ಬೆಳಕವಾಡಿಯಲ್ಲಿ ಹತ್ತಿದೆ. ಅಲ್ಲಿ ಪಾಳಿ ಮುಗಿಸಿದ ನಾಲ್ಕೈದು ಜನ ಮುಂದೆ ನಿದ್ದೆ ಹೊಡೆಯುತ್ತಿದ್ದರು. ಹಿಂದಿನ ಸೀಟಿನಿಂದ, "ಅಯ್ನೋರು ಇತ್ತಗೆ ಬನ್ನಿ" ಎಂದು ಕೂಗು. ನಮ್ಮ ಊರಿನ ಬೋರೇಗೌಡರು, ನಮ್ಮ ಕೇಂದ್ರದಿಂದ ಹುಳು ಒಯ್ಯುವ ಹದಿನಾಲ್ಕು ಮನೆಯವರಲ್ಲಿ ಒಬ್ಬರು. ಹೋಗಿ ಪಕ್ಕದಲ್ಲಿ ಕೂತೆ.

"ಉಳ ಜ್ವರಕ್ಕೆ ಕೂತ್ವಾ?"

"ಕೂತ್ವು ಗೌಡರೇ. ನಾಳೆ ಬೆಳಿಗ್ಗೆ ಏಳ್ತವೆ."

"ನಿಮ್ ಕಾಲ್ದಾಗೆ ವಾಸಿ ಬುಡಿ. ನಿಮಗೂ ಮುಂಚೆ ಇದ್ದನಲ್ಲ ಗುರುಮೂರ್ತಿ, ಆವಯ್ಯನ ಕಾಲ್ದಾಗೆ ಒಂದು ಬೆಳೆ ಪೂರ್ತಿ ಮಣ್ಣು ಪಾಲಾಯ್ತು. ಯಾರೂ ಯೋಳಿಲ್ವಾ ನಿಮ್ಗೆ?"

ಯಾರೂ ಹೇಳಿರಲಿಲ್ಲ. ಹಿಂದಿನವನು ಬಿಟ್ಟು ಹೋದ ಎಂದಷ್ಟೇ ನನಗೆ ಗೊತ್ತಿತ್ತು.

ಗೌಡರು ಕಾಲು ಮಡಚಿ ಕೂತು ಹೇಳತೊಡಗಿದರು. ಗುರುಮೂರ್ತಿಯೂ ಎರಡನೇ ಜ್ವರದ ದಿನವೇ ಹೋದದ್ದು. ಸಂಜೆಯಾದರೂ ಬರಲಿಲ್ಲ. ಪೆಟ್ಟಿಗೆ ಇದೆ, ಹಾಸಿಗೆ ಇದೆ. ನಾಲೆಯ ಸೋಪಾನದ ಮೇಲೆ ಅವನ ಚಪ್ಪಲಿ ಇವೆ. "ಅಲ್ಲಿ ಚಪ್ಲಿ ಕಂಡಿದ್ದೇ ನಿಂಗಮ್ಮ ಎದೆ ಎದೆ ಬಡ್ಕಂಡು ಊರಾಗೆಲ್ಲ ಓಡ್ಬಂದ್ಲು. ನಾವು ಒಂದು ಇಪ್ಪತ್ ಜನ ನೀರಿಗೆ ಬಿದ್ವಿ. ತೂಬು ತಡಕಿದ್ವಿ. ಒಳೆ ಗಂಟ ಓಗಿ ನೋಡಿದ್ವಿ. ಮೂರು ದಿನ. ನಾನೇ ಎಷ್ಟು ಕಿತ ಮುಳುಗಿದ್ನೋ."

"ಹುಳು?" ಎಂದೆ.

"ಉಳ ಯಾವನಿಗೆ ಗ್ಯಾನ ಇತ್ತು ಸ್ವಾಮಿ? ಅವು ಎದ್ಬುಟ್ಟು ಹಸ್ಕೊಂಡು ಹಸ್ಕೊಂಡು ಸತ್ವು. ನಿಂಗಮ್ಮನೇ ಅಂದ್ಲು, ಉಳ ಓದ್ರೆ ಇನ್ನೊಂದ್ ಬೆಳೆ, ಮನ್ಸ ಓದ್ರೆ ಯಾರ್ ತಂದ್ಕೊಟ್ಟಾರು, ಹುಡುಕ್ರೋ ಅಂತ."

ಬಸ್ಸು ಏರಿ ಹತ್ತುತ್ತಿತ್ತು. "ಆಮೇಲೆ?"

"ಆಮೇಲೇನು? ಒಂದೂವರೆ ತಿಂಗ್ಳಾದ್ ಮೇಲೆ ನಾನು ಬೆಂಗ್ಳೂರ್ ರೈಲಿಗೆ ಓಗ್ಬೇಕು ಅಂತ ಮದ್ದೂರ್ ಟೇಸನ್ನಾಗೆ ನಿಂತಿವ್ನಿ, ಎದುರ್ಗೇ ನಿಂತ್ಕೊಂಡು ವಡೆ ತಿಂತಾವ್ನೆ! ಇನ್‌ಸ್ಪೆಕ್ಟ್ರ ಕಾಟ ತಡೀನಾರ್ದೆ ಓಗ್ಬುಟ್ಟೆ ಗೌಡರೇ ಅಂದ. ಹಳೇ ಚಪ್ಲಿ ಅಂತ ಅಲ್ಲೇ ಬುಟ್ನಂತೆ. ಕಪಾಳಕ್ಕೆ ನಾಕು ಬಿಡನಾ ಅನ್ನಿಸ್ತು. ಆದ್ರೆ ಬದುಕವ್ನಲ್ಲ ಅಂತ ಕಣ್ಣಾಗೆ ನೀರು ಬಂದ್ಬುಡ್ತು. ಚೆಂದಾಗಿದ್ದೀರಾ ಅಂತ ಕೇಳ್ಬುಟ್ಟು ಬಂದೆ."

"ನಿಂಗಮ್ಮ ಏನಂದಳು?"

"ಏನಂತಾಳೆ? ಸದ್ಯ ಬದುಕವ್ನಾ ಅಂತ ಓಗಿ ಮಾರಮ್ಮಂಗೆ ಕಾಯಿ ಒಡಸಿದ್ಲು. ಬೈಲಿಲ್ಲ. ಅದ್ಕೇ ನೋಡಿ, ನೀವು ನಾಲೇಗೆ ಮೀಯಾಕೆ ಓದ್ರೂ ಆಯಮ್ಮ ಅಂಗೆ ಏರಿ ಮ್ಯಾಲೆ ನಿಂತ್ಕೊಂಡು ನೋಡ್ತಾಳೆ. ನೀವು ಕಂಡಿರಾಕಿಲ್ಲ."

ನಾನು ಕಂಡಿದ್ದೆ. ದಿನಾ ಬೆಳಿಗ್ಗೆ ಅವಳು ಏರಿಯ ಮೇಲೆ ನಿಲ್ಲುವುದನ್ನು ನೋಡಿ, ಕೆಲಸಕ್ಕೆ ಹೊತ್ತಾಯಿತೆಂದು ಅವಸರ ಮಾಡುತ್ತಾಳೆ ಎಂದು ಒಳಗೊಳಗೇ ಸಿಡುಕಿದ್ದೆ.

ಮಳವಳ್ಳಿಯಲ್ಲಿ ಗೌಡರು ಇಳಿದು ಸಂತೆಮಾಳದ ಕಡೆ ಹೋದರು. ಮದ್ದೂರು, ಮಂಡ್ಯದ ಬಸ್ಸು ಎದುರಿಗೇ ನಿಂತಿತ್ತು. ಕಂಡಕ್ಟರ್ "ಮಂಡ್ಯ ಮಂಡ್ಯ" ಎಂದು ಕೂಗುತ್ತಿದ್ದ. ಒಂದು ಕಾಲನ್ನು ಮೆಟ್ಟಿಲ ಮೇಲೂ ಇಟ್ಟೆ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿದ್ದದ್ದು ಹುಳುವೂ ಅಲ್ಲ, ನಿಯಮವೂ ಅಲ್ಲ. ನಾಲೆಯ ಪಕ್ಕ ಒಣಹಾಕಿದ್ದ ಪಂಚೆ. ನಾನು ಜಾಣತನವೆಂದುಕೊಂಡು ಬಿಟ್ಟುಬಂದ ಪಂಚೆ. ನಾಳೆ ಬೆಳಿಗ್ಗೆ ಅದನ್ನು ಮೊದಲು ನೋಡುವವಳು ಯಾರು?

"ಹತ್ತೋದಾದ್ರೆ ಹತ್ತಿ ಸ್ವಾಮಿ, ದಾರಿ ಬುಡಿ" ಎಂದ ಕಂಡಕ್ಟರ್. ಇಳಿದೆ. ವಕೀಲರ ಫ್ಯಾನು, ಭಾವನ ಮುಖ, ಮತ್ತೆ ಆ ಮೋಟಾರ್ ಸೈಕಲ್ಲಿನ ಸದ್ದು ಎಲ್ಲ ನೆನಪಾಗಿ, ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಒಂದು ಗಳಿಗೆ ಅತ್ತೂಬಿಟ್ಟೆ. ಫಾರ್ಮಾಲಿನ್ನಿನ ನೆಪ ಕೂಡ ಇರಲಿಲ್ಲ. ಆಮೇಲೆ ಬ್ಲಫಿನ ಕಡೆಗೆ ಹೋಗುವ ಬಸ್ಸು ಹತ್ತಿದೆ.

ಕೇಂದ್ರ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ನಿಂಗಮ್ಮ ಇನ್ನೂ ಮನೆಗೆ ಹೋಗಿರಲಿಲ್ಲ. ಹೊಸಿಲಿನ ಹೊರಗೆ ಕೂತಿದ್ದಳು. ನನ್ನ ಪಂಚೆ ಅವಳ ಪಕ್ಕದಲ್ಲಿ ಮಡಿಸಿ ಇಟ್ಟಿತ್ತು.

"ಕಾಗದ ಸಿಕ್ತಾ?" ಎಂದಳು.

"ಇಲ್ಲ ನಿಂಗಮ್ಮ. ನಾನು ಕಾಗದಕ್ಕೆ ಹೋಗಿರಲಿಲ್ಲ."

"ಗೊತ್ತು. ಕಾಗದ ತರಾಕೆ ಓಗೋರು ಗೋಡೆ ಮ್ಯಾಲಿನ ದೇವರ್ನ ಚೀಲ್ದಾಗೆ ಇಕ್ಕಂಡು ಓದಾರಾ?"

"ಗೊತ್ತಿದ್ದೂ ಯಾಕೆ ಕೇಳಲಿಲ್ಲ?" ಎಂದೆ.

"ಕೇಳಿದ್ರೆ ನೀವು ಇನ್ನೊಂದ್ ಸುಳ್ ಯೋಳ್ಬೇಕಾಗದು. ನಿಮಗೆ ಯೋಳಾಕೆ ಬರಾಕಿಲ್ಲ, ನಂಗೆ ಕೇಳಾಕೆ ಆಗಾಕಿಲ್ಲ." ಪಂಚೆಯನ್ನು ನನ್ನ ಕಡೆ ಸರಿಸಿ ಅಂದಳು: "ಪಟ ಇಲ್ದೆ ಇದ್ದಿದ್ ಕಂಡು ಸದ್ಯ ಅಂದ್ಕಂಡೆ. ಸಾಯಾಕೆ ಓಗೋನು ದೇವರ್ನ ಜತೇಗೆ ಕರ್ಕೊಂಡ್ ಓಗಾಕಿಲ್ಲ. ಅದ್ಕೇ ಈ ಕಿತ ಯಾರ್ನೂ ನೀರಿಗೆ ಇಳಸ್ಲಿಲ್ಲ."

ನಾನು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತೆ. ಎಲ್ಲವನ್ನೂ ಹೇಳಿದೆ. ಮಂಡ್ಯದ ಕೆಲಸ, ಜೇಬಿಗೆ ತುರುಕಿದ ರಾಜೀನಾಮೆ, ಆ ಗುಂಡಿ, ಆ ಮಂತ್ರದ ಮಾತು. ಅವಳು ಅದುವರೆಗೆ ಎಂದೂ ಮಾಡದಿದ್ದ ಹಾಗೆ ನನ್ನ ಬೆನ್ನ ಮೇಲೆ ಕೈಯಿಟ್ಟು, ಮೊದಲ ಸಲ ಏಕವಚನದಲ್ಲಿ ಮಾತಾಡಿದಳು.

"ಓಗು ಮಗ. ಯಾರ್ ಬ್ಯಾಡ ಅಂತಾರೆ? ಆ ಬಾಯ್ ಕೆಳಗೆ ಯಾವನ್ ಬಾಳಾನು? ಆದ್ರೆ ಯೋಳ್ಬುಟ್ಟು ಓಗು. ಆವಯ್ಯಂಗಲ್ಲ, ನಂಗೆ. ಇಂತಾ ದಿನ ಓಯ್ತೀನಿ ಕಣಮ್ಮ ಅಂತ ಒಂದ್ ಮಾತು. ಅಷ್ಟೇಯ." ಆಮೇಲೆ ಕೇಳಿದಳು, "ಅದೇನೋ ನೋಟೀಸು ಅಂತಾರಲ್ಲ, ಅದು ಎಷ್ಟ್ ದಿನ?"

"ಒಂದು ತಿಂಗಳು."

ಅವಳು ಬೆರಳು ಮಡಿಸಿದಳು. "ಅಂಗಾರೆ ಈ ಉಳ ಗೂಡು ಕಟ್ಟೋ ಗಂಟ. ಒಂದ್ ಬೆಳೆ ಮುಗಸ್ಕೊಂಡ್ ಓಯ್ತೀನಿ ಅನ್ನು, ನ್ಯಾಯವಾಗೇ ಅದೆ. ನೀನು ಗೂಡೇ ಕಂಡಿಲ್ವಲ್ಲ ಇನ್ನೂವೆ."

ಅದು ನಿಜ. ತರಬೇತಿಯಲ್ಲಿ ಗಾಜಿನ ಬೀರುವಿನೊಳಗೆ ಗೂಡು ನೋಡಿದ್ದೆ. ಏಳು ತಿಂಗಳಿಂದ ಹುಳು ಸಾಕುತ್ತಿದ್ದವನು ನಾನು, ಎಂಟನೆಯ ದಿನ ಅವು ಮನೆಬಿಟ್ಟು ಹೋದ ಮೇಲೆ ಏನಾದವೆಂದು ಒಂದು ಸಲವೂ ಹೋಗಿ ನೋಡಿರಲಿಲ್ಲ. ಬಿಡುವಿರಲಿಲ್ಲ ಎಂದುಕೊಳ್ಳುತ್ತಿದ್ದೆ. ಮನಸ್ಸಿರಲಿಲ್ಲ ಎಂದರೆ ಹೆಚ್ಚು ಸರಿ.

ಸೋಮವಾರ ವಕೀಲರ ಮನೆಗೆ ಹೋಗುವ ಬದಲು ಮಳವಳ್ಳಿಯ ಕಚೇರಿಗೆ ಹೋದೆ. ಹಳೆಯ ಕಾಗದ ಹರಿದು ಹೊಸದು ಬರೆದಿದ್ದೆ: ಇಂದಿಗೆ ಒಂದು ತಿಂಗಳಿಗೆ ಬಿಡುತ್ತೇನೆ, ಅಲ್ಲಿಯವರೆಗೆ ಈ ಬೆಳೆ ನನ್ನ ಹೊಣೆ. ನಕಲಿಗೆ ಸಹಿ ಬೇಕು ಎಂದೂ ಕೇಳಿದೆ. ಇನ್‌ಸ್ಪೆಕ್ಟರು ಎರಡು ಸಲ ಓದಿದರು. "ನಿನಗಿಂತ ಮುಂಚೆ ಮೂರು ಜನ ಓಡಿಹೋದರು ಕಣಯ್ಯ. ಕಾಗದ ತಂದವನು ನೀನೊಬ್ಬ" ಎಂದರು. ಧ್ವನಿಯಲ್ಲಿ ವ್ಯಂಗ್ಯ ಹುಡುಕಿದೆ, ಇರಲಿಲ್ಲ. ಮೂವರೂ ಯಾಕೆ ಓಡಿಹೋದರೆಂದು ಆ ಗಳಿಗೆಯಲ್ಲಿ ಅವರಿಗೂ ಹೊಳೆಯಿತೋ ಏನೋ. ಸಹಿ ಹಾಕಿದರು. ಕೂತುಕೊ ಎಂದು ಹೇಳಿದ್ದೂ ಅದೇ ಮೊದಲು. ನಾನು ಕೂರಲಿಲ್ಲ. ಕೇಂದ್ರಕ್ಕೆ ಹೊಸ ಮೊಟ್ಟೆ ಹಾಳೆ ಬರುವ ಹೊತ್ತಾಗಿತ್ತು.

ಮಂಡ್ಯದ ಕೆಲಸ ಬೇರೆಯವರ ಪಾಲಾಯಿತು. ಭಾವ ಒಂದು ವರ್ಷ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ಹೇಳಿ ಹೋದರೆ ಒಳ್ಳೆಯದೇ ಆಗುತ್ತದೆ ಎಂದು ನಾನು ನಿಮಗೆ ಆಸೆ ತೋರಿಸುತ್ತಿಲ್ಲ.

ಆದರೆ ಆ ತಿಂಗಳು! ಸಂಜೆಯ ಹೊತ್ತು ಬೋರೇಗೌಡರ ಮನೆಗೆ ಹೋಗತೊಡಗಿದೆ. ಹುಳು ಮೂರನೇ ಜ್ವರ ಕಳೆದವು, ನಾಲ್ಕನೆಯದೂ ಕಳೆದವು. ಇರುವೆಯಷ್ಟಿದ್ದವು ಕಿರುಬೆರಳಿನಷ್ಟಾದವು. ಗೌಡರು ನಡುಮನೆಯನ್ನು ಹುಳುವಿಗೆ ಬಿಟ್ಟು, ತಾವು ಹೆಂಡತಿ ಮಕ್ಕಳೊಡನೆ ಜಗುಲಿಯಲ್ಲಿ ಮಲಗುತ್ತಿದ್ದರು. ಮನೆಗೆ ಬಂದವರು ಮೆಲ್ಲಗೆ ಮಾತಾಡಬೇಕು. ಬಾಣಂತಿ ಮನೆಯಲ್ಲಿ ಕೂಡ ನಾನು ಅಷ್ಟು ಜೋಪಾನ ನೋಡಿಲ್ಲ. ನಾನು ಎಂಟು ದಿನ ಸಾಕಿ ಕೊಟ್ಟ ಕೂಸುಗಳನ್ನು ಇವರು ಇಷ್ಟು ದಿನ ಹೀಗೆ ನೋಡಿಕೊಳ್ಳುತ್ತಿದ್ದರೇ ಎಂದು ಎದೆ ತುಂಬಿಬಂತು. ನನ್ನ ಪಂಚೆಯ ವಾಸನೆಗೆ ಸತ್ತ ಆರು ತಟ್ಟೆ ಹುಳು ಇಂಥ ಆರು ನಡುಮನೆಗಳಿಗೆ ಹೋಗಬೇಕಾಗಿದ್ದವು ಎಂಬುದು ಅಲ್ಲಿ ಅರ್ಥವಾಯಿತು. ಇನ್‌ಸ್ಪೆಕ್ಟರ ಗುಂಡಿ ಕಲಿಸದ ಪಾಠ ಅದು.

ಒಂದು ಬೆಳಿಗ್ಗೆ ನಿಂಗಮ್ಮ ಗೌಡರ ಮನೆಯ ಅಂಗಳದಿಂದ ನನ್ನನ್ನು ಕೂಗಿ ಕರೆದಳು. ತಟ್ಟೆಯಿಂದ ಒಂದು ಹುಳು ಎತ್ತಿ ನನ್ನ ಅಂಗೈ ಮೇಲಿಟ್ಟಳು. "ಬಿಸಲಿಗೆ ಹಿಡಿದು ನೋಡಿ ಅಯ್ನೋರೇ. ಹಣ್ಣಾಗ್ಯದೆ, ಇನ್ನು ಗೂಡು ಕಟ್ತದೆ." ಬಹುವಚನ ಅಷ್ಟರಲ್ಲಿ ವಾಪಸು ಬಂದಿತ್ತು. ಹಸಿರೆಲ್ಲ ಹೋಗಿ ಅದರ ಮೈ ಎಳೆ ದ್ರಾಕ್ಷಿಯ ಹಾಗೆ ಬೆಳಕು ಬಿಡುತ್ತಿತ್ತು. ಕತ್ತು ಆಡಿಸುತ್ತ ಏನನ್ನೋ ಹುಡುಕುತ್ತಿತ್ತು. ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ ಚಂದ್ರಿಕೆಯ ಸುತ್ತಿನೊಳಗೆ ಅದನ್ನು ನಾನೇ ಬಿಟ್ಟೆ. ಎಳೆ ಮೊದಲು ಕಾಣಲಿಲ್ಲ, ಆಮೇಲೆ ಕಂಡಿತು. ಮೂರನೆಯ ದಿನಕ್ಕೆ ಚಂದ್ರಿಕೆಯ ತುಂಬ ತಿಳಿ ಹಳದಿ ಗೂಡು. ಗೌಡರ ಹೆಂಡತಿ ನನ್ನ ಮುಂದೆ ಅದನ್ನು ನಿಲ್ಲಿಸಿ, "ನೀವು ಗರೀಲಿ ಇಳಸಿದ್ ಉಳವೇಯ ಸ್ವಾಮಿ ಇವು" ಎಂದರು. ಈ ಕೆಲಸ ನನಗೆ ಬೇಕು ಎಂದು ಅವತ್ತು ಅನ್ನಿಸಿತು. ಇನ್‌ಸ್ಪೆಕ್ಟರು ಬೇಡ, ಕೆಲಸ ಬೇಕು. ಇವೆರಡೂ ಬೇರೆ ಎಂದು ತಿಳಿಯಲು ನನಗೆ ಒಂದು ಬೆಳೆಯಷ್ಟು ಹೊತ್ತು ಬೇಕಾಯಿತು.

ಆದರೂ ಹೊರಟೆ. ಮಾತು ಕೊಟ್ಟಿದ್ದೆ, ಅಲ್ಲದೆ ಆ ಬಾಯಿಯ ಕೆಳಗೆ ಬಾಳಲು ನನ್ನಿಂದ ಆಗುತ್ತಿರಲಿಲ್ಲ. ಕೆಟ್ಟ ಮೇಲಧಿಕಾರಿಯನ್ನು ಬಿಟ್ಟು ಹೋಗುವುದು ತಪ್ಪೆಂದು ಇಂದಿಗೂ ನಾನು ಯಾರಿಗೂ ಹೇಳುವುದಿಲ್ಲ. ಆರು ತಿಂಗಳು ಮದ್ದೂರಿನಲ್ಲಿ ಸುಮ್ಮನೆ ಕೂತೆ. ಆಮೇಲೆ ಇದೇ ಕೆಲಸಕ್ಕೆ ಬೇರೆ ತಾಲ್ಲೂಕಿನಲ್ಲಿ, ಬೇರೆ ಅಧಿಕಾರಿಯ ಕೆಳಗೆ ಸೇರಿ ಅದರಲ್ಲೇ ತಲೆ ನರೆಯಿತು. ನನ್ನ ಕೈಕೆಳಗೂ ಜನ ಬಂದರು. ಅವರಲ್ಲಿ ಯಾರಾದರೂ ಒಂದು ದಿನ ಹೇಳದೆ ಕೇಳದೆ ಬರದಿದ್ದರೆ ಮೆಮೊ ಬರೆಯುವ ಮುಂಚೆ ಅವರ ಮನೆಗೆ ಹೋಗಿಬರುತ್ತಿದ್ದೆ. 

ಆ ಹಳ್ಳಿ ಬಿಟ್ಟು ಹೊರಟ ದಿನ ಬಾಕಿ ಉಳಿದಿದ್ದ ಫಾರ್ಮಾಲಿನ್ ಹೊಡೆದು, ಗೋಡೆಗೆ ಸುಣ್ಣ ಬಳಿದು, ಬೀಗದ ಕೈಯನ್ನು ಹೊಸಬನ ಕೈಗೆ ಕೊಟ್ಟೆ. ಪೆಟ್ಟಿಗೆಯನ್ನು ಬೋರೇಗೌಡರು ಹೊತ್ತರು, ಬೇಡವೆಂದರೂ ಕೇಳಲಿಲ್ಲ. ನಿಂಗಮ್ಮ ಬೆಳಕವಾಡಿಯವರೆಗೂ ಎರಡು ಮೈಲಿ ನಡೆದುಬಂದಳು. ಬಸ್ಸು ಬಂತು. ನಾನು ಅವಳ ಕಾಲು ಮುಟ್ಟಲು ಬಗ್ಗಿದೆ. ಅರ್ಚಕರ ಮಗ ದಿನಗೂಲಿಯವಳ ಕಾಲಿಗೆ ಬೀಳುವುದು ಆ ಊರಿನಲ್ಲಿ ಯಾರೂ ಕಂಡದ್ದಲ್ಲ. ಅವಳು ಗಾಬರಿಯಾಗಿ ನನ್ನ ರಟ್ಟೆ ಹಿಡಿದು ಎತ್ತಿ ಬಸ್ಸಿನೊಳಗೆ ನೂಕಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಕಂಡಕ್ಟರನ ಕಡೆ ತಿರುಗಿ, ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಈವಯ್ಯ ಯೋಳ್ಬುಟ್ಟು ಓಯ್ತಾವ್ನೆ ಕಣಪ್ಪ. ಜ್ವಾಪಾನವಾಗಿ ಇಳಸು."